ಜೀವದಯೆಯ ಖಾತೆ ಮತ್ತು ರಸ್ತೆಯ ಕೆಳಗಿನ ದಾರಿ

ಪುಣೆ ಕ್ಯಾಂಪಿನ ಜೈನ ಕುಟುಂಬಗಳಿಗೆ ಚಾತುರ್ಮಾಸ ಮುಗಿದ ಮೇಲಿನ ತಿಂಗಳುಗಳು ಯಾತ್ರೆಯ ಕಾಲ. ಮಹಾತ್ಮಾ ಗಾಂಧಿ ರಸ್ತೆಯ, ಈಸ್ಟ್ ಸ್ಟ್ರೀಟಿನ ಅಂಗಡಿಗಳನ್ನು ನಾಲ್ಕು ದಿನ ಮಕ್ಕಳ ಕೈಗೊಪ್ಪಿಸಿ ಹಿರಿಯರು ಬಸ್ಸು ಹತ್ತುತ್ತಾರೆ. ಬೆಳಗಾವಿ, ಚಿಕ್ಕೋಡಿ, ನಿಪ್ಪಾಣಿಗಳ ಕಡೆಯಿಂದ ಬಂದು ನೆಲೆಸಿದ ಕನ್ನಡ ಮನೆತನದವರೂ ಅವರ ಜತೆಗಿರುತ್ತಾರೆ. ಈ ಯಾತ್ರೆಗಳಲ್ಲಿ ನಾಗಪುರದ ಉತ್ತರಕ್ಕಿರುವ ರಾಮಟೇಕದ ಶಾಂತಿನಾಥ ಕ್ಷೇತ್ರಕ್ಕೆ ವಿಶೇಷ ಸ್ಥಾನವಿದೆ. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ 1946ರಲ್ಲಿ ಹುಟ್ಟಿ, 2024ರ ಫೆಬ್ರವರಿಯಲ್ಲಿ ಡೋಂಗರಗಢದಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ಅಲ್ಲಿ ಹಲವು ಚಾತುರ್ಮಾಸಗಳನ್ನು ಕಳೆದಿದ್ದರು. ಕನ್ನಡ ಶ್ರಾವಕರಿಗೆ ಅದು ತಮ್ಮ ಮನೆಯ ಕ್ಷೇತ್ರವೇ. ನಾಗಪುರದಿಂದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೊರಟ ಬಸ್ಸು ಮನಸರದಲ್ಲಿ ಬಲಕ್ಕೆ ತಿರುಗುತ್ತದೆ. ದರ್ಶನ, ಅಭಿಷೇಕ, ಭೋಜನ ಮುಗಿಸಿ ಬಂದ ದಾರಿಯಲ್ಲೇ ಮರಳುತ್ತದೆ.

ಮನಸರದಲ್ಲಿ ತಿರುಗದೆ ನೇರವಾಗಿ ಉತ್ತರಕ್ಕೆ ಸಾಗಿದರೆ ಮಧ್ಯಪ್ರದೇಶದ ಗಡಿಯಲ್ಲಿರುವ ಖವಾಸಾದವರೆಗೆ ಸುಮಾರು 37 ಕಿಲೋಮೀಟರ್. ಆ ಹಾದಿ ಪೆಂಚ್ ಹುಲಿ ಸಂರಕ್ಷಿತ ಪ್ರದೇಶದ ಕಾಡುಗಳನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ನಾಲ್ಕು ಪಥದ ಹೆದ್ದಾರಿಯು ಒಂಬತ್ತು ಕಡೆಗಳಲ್ಲಿ ನೆಲವನ್ನು ಬಿಟ್ಟು ಕಂಬಗಳ ಮೇಲೆ ಏರುತ್ತದೆ. ಐದು ಪ್ರಾಣಿಗಳಿಗೆಂದೇ ಕಟ್ಟಿದ ಅಂಡರ್‌ಪಾಸುಗಳು, ನಾಲ್ಕು ಕಿರುಸೇತುವೆಗಳು. ಚಿಕ್ಕದು 50 ಮೀಟರ್ ಉದ್ದ, ದೊಡ್ಡದು 750 ಮೀಟರ್. ವನ್ಯಜೀವಿಗಳಿಗೆಂದು ಹೆದ್ದಾರಿಯ ಕೆಳಗೆ ಹೀಗೆ ಯೋಜಿಸಿ ಕಟ್ಟಿದ ದಾರಿಗಳಲ್ಲಿ ಇವು ದೇಶದಲ್ಲೇ ಮೊದಲಿನವು. ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಸರಕು ಹೊತ್ತ ಲಾರಿಗಳು ಹಾಯುತ್ತವೆ. ಕೆಳಗೆ ಜಿಂಕೆ ಹಾಯುತ್ತದೆ.

ಯಾತ್ರೆಯ ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಹೋಗಬೇಕಾಗಿತ್ತು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವು ನೋಡಲೇಬೇಕಾದ ಕಟ್ಟಡವೊಂದು ತನ್ನ ತೀರ್ಥಕ್ಷೇತ್ರದ ಪಕ್ಕದಲ್ಲೇ ಇದ್ದೂ ಆ ಕಡೆ ಕಣ್ಣೆತ್ತಿ ನೋಡದಿರುವುದು ಸಣ್ಣ ಮರೆವಲ್ಲ. ಜೀವದಯೆಯ ಹೆಸರಿನಲ್ಲಿ ಸಮಾಜ ಏನನ್ನು ಕಾಣುತ್ತದೆ, ಏನನ್ನು ಕಾಣಲೊಲ್ಲದು ಎಂಬುದರ ಲೆಕ್ಕ ಅದರಲ್ಲಿದೆ.

ಅಲ್ಲಿ ಕಾಣುವುದೇನೂ ವೈಭವದ್ದಲ್ಲ. ರಸ್ತೆಯನ್ನು ಹೊತ್ತು ನಿಂತ ಕಾಂಕ್ರೀಟ್ ಕಂಬಗಳ ಸಾಲು, ಅವುಗಳ ನಡುವೆ ಕತ್ತರಿಸದೆ ಬಿಟ್ಟ ನೆಲ, ಹರಿವು ತಪ್ಪದ ಹಳ್ಳ. ಇದರ ತತ್ವ ಸರಳವಾದದ್ದು. ಇಕ್ಕಟ್ಟಾದ ಕತ್ತಲೆಯ ಕೊಳವೆಯೊಳಕ್ಕೆ ಜಿಂಕೆ ಕಾಲಿಡಲಾರದು; ಆಚೆಯ ತುದಿಯ ಕಾಡು ಈಚೆಯಿಂದಲೇ ಕಾಣಬೇಕು. ನೆಲ ನೆಲವಾಗಿಯೇ ಇರಬೇಕು. ಮೇಲಿನ ಗಾಡಿಗಳ ದೀಪ ಮತ್ತು ಸದ್ದು ಕೆಳಗಿಳಿಯುವುದು ಆದಷ್ಟು ಕಡಿಮೆಯಾಗಬೇಕು. ಪ್ರಾಣಿ ರಸ್ತೆಯ ಮೇಲಕ್ಕೆ ಹತ್ತದಂತೆ ಬದಿಯಲ್ಲಿ ತಡೆಯಿದ್ದು, ಆ ತಡೆಯೇ ಅದನ್ನು ಕೆಳದಾರಿಯ ಬಾಯಿಗೆ ತಂದು ಬಿಡಬೇಕು. ಇಷ್ಟಾದರೆ ಕಾಡು ತನ್ನ ಹಳೆಯ ಹಾದಿಯನ್ನು ತಾನೇ ಮತ್ತೆ ಹುಡುಕಿಕೊಳ್ಳುತ್ತದೆ.

ಹುಡುಕಿಕೊಂಡದ್ದಕ್ಕೆ ಪುರಾವೆಯಿದೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯು ಈ ಒಂಬತ್ತು ಕಡೆ ಕ್ಯಾಮೆರಾಗಳನ್ನಿಟ್ಟು 2019ರ ಮಾರ್ಚಿನಿಂದ ಡಿಸೆಂಬರಿನವರೆಗೆ ದಾಖಲೆ ಮಾಡಿತು. 18 ಜಾತಿಯ ಕಾಡುಪ್ರಾಣಿಗಳ 5,450 ಚಿತ್ರಗಳು ಸಿಕ್ಕವು. ಚುಕ್ಕಿ ಜಿಂಕೆ, ಕಾಡುಹಂದಿ, ಮೊಲ, ಸೀಳುನಾಯಿ, ಕರಡಿ, ಚಿರತೆ, ಕಾಡುಬೆಕ್ಕು ಎಲ್ಲವೂ ಹಾದುಹೋಗಿದ್ದವು. ಹನ್ನೊಂದು ಬೇರೆ ಬೇರೆ ಹುಲಿಗಳು ಒಟ್ಟು 89 ಸಲ ಈ ದಾರಿಗಳನ್ನು ಬಳಸಿದ್ದವು. ಆ ಒಂದೊಂದು ದಾಟೂ, ಕೆಳದಾರಿ ಇಲ್ಲದಿದ್ದರೆ, ವೇಗದ ಲಾರಿಯೊಂದರ ಮುಂದೆ ನಡೆಯಬಹುದಾಗಿದ್ದ ದಾಟು.

ಈ ಕಟ್ಟಡ ಸರ್ಕಾರದ ಕರುಣೆಯಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. ರಸ್ತೆ ಅಗಲೀಕರಣದ ಯೋಜನೆ ಬಂದಾಗ ಪ್ರಾಣಿಗಳ ದಾರಿಯ ಪ್ರಶ್ನೆಯನ್ನು ಎತ್ತಿದವರು ಪರಿಸರ ಕಾರ್ಯಕರ್ತರು ಮತ್ತು ವಿಜ್ಞಾನಿಗಳು. ವರ್ಷಗಟ್ಟಲೆ ಅರ್ಜಿ, ವಾದ, ನ್ಯಾಯಾಲಯದ ಅಲೆದಾಟ ನಡೆದ ಮೇಲೆ ಕಂಬಗಳು ಎದ್ದವು. ಆ ವರ್ಷಗಳಲ್ಲಿ ಜೈನ ಸಂಘಗಳ ದನಿ ಎಲ್ಲಿತ್ತು? ಸಮಾಜಕ್ಕೆ ದನಿಯೇ ಇಲ್ಲವೆಂದಲ್ಲ. ಪರ್ಯೂಷಣದ ದಿನಗಳಲ್ಲಿ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚುವ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2008ರಲ್ಲಿ ಮುಚ್ಚುವಿಕೆಯ ಪರವಾಗಿ ತೀರ್ಪು ಬಂತು. 2025ರ ಆಗಸ್ಟಿನಲ್ಲಿ ಮುಂಬಯಿಯ ದಾದರಿನಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಯ ಸಲುವಾಗಿ ಜನ ಬೀದಿಗಿಳಿದರು. ಅದೇ ತಿಂಗಳಲ್ಲಿ ಕೊಲ್ಲಾಪುರ ಜಿಲ್ಲೆಯ ನಾಂದಣಿ ಮಠದ ಆನೆ ಮಹಾದೇವಿಯನ್ನು ಮರಳಿ ಕೊಡಬೇಕೆಂದು ನಾಂದಣಿಯಿಂದ ಕೊಲ್ಲಾಪುರದವರೆಗೆ 45 ಕಿಲೋಮೀಟರ್ ಮೂಕ ಮೆರವಣಿಗೆ ನಡೆಯಿತು.

ಮಹಾದೇವಿಯ ಪ್ರಕರಣವನ್ನು ಹಗುರವಾಗಿ ನೋಡಬೇಕಿಲ್ಲ. 1992ರಿಂದ ಮಠದಲ್ಲಿದ್ದ ಆನೆ ಅದು. ಅದನ್ನು ನ್ಯಾಯಾಲಯದ ಆದೇಶದಂತೆ ಜಾಮ್‌ನಗರದ ವನತಾರಾಕ್ಕೆ ಕಳಿಸಿದಾಗ ಹಳ್ಳಿಹಳ್ಳಿಗಳು ಕಣ್ಣೀರಿಟ್ಟವು. ಆ ಕಣ್ಣೀರು ಸುಳ್ಳಲ್ಲ. ಆದರೆ ಸರಪಳಿಯಲ್ಲಿದ್ದ ಒಂದು ಆನೆಗಾಗಿ 45 ಕಿಲೋಮೀಟರ್ ನಡೆದ ಸಮಾಜವು ಸರಪಳಿಯಿಲ್ಲದ ಆನೆಗಳ ಹಾದಿಗಾಗಿ ಎಷ್ಟು ನಡೆದಿದೆ ಎಂಬ ಪ್ರಶ್ನೆಯೂ ಸುಳ್ಳಲ್ಲ. ಬಂಡೀಪುರದ ಉದಾಹರಣೆ ಕನ್ನಡಿಗರ ಕಣ್ಣೆದುರಿಗೇ ಇದೆ. ಅಲ್ಲಿನ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರವನ್ನು ನಿಲ್ಲಿಸಬೇಕೆಂದು ಚಾಮರಾಜನಗರದ ಜಿಲ್ಲಾಡಳಿತ 2009ರಲ್ಲಿ ಆದೇಶಿಸಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ಅಂದಿನಿಂದ ವ್ಯಾಪಾರದ ಹೆಸರಿನಲ್ಲಿ, ನೆರೆರಾಜ್ಯದ ಅನುಕೂಲದ ಹೆಸರಿನಲ್ಲಿ ಅದನ್ನು ಸಡಿಲಿಸುವ ಒತ್ತಾಯ ನಿಂತಿಲ್ಲ. ಸೂರ್ಯ ಮುಳುಗಿದ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಸಾಯಬಾರದೆಂದು ರಾತ್ರಿಭೋಜನವನ್ನೇ ತ್ಯಜಿಸುವ ಸಮಾಜಕ್ಕೆ ಈ ಆದೇಶದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯೊಂದು ಸ್ವೀಕರಿಸಿದ ರಾತ್ರಿತ್ಯಾಗದ ವ್ರತ ಅದು. ಆ ವ್ರತದ ಪರವಾಗಿ ಹೋರಾಡಿದವರ ಸಾಲಿನಲ್ಲಿ ಮೊದಲು ಕಾಣಬೇಕಾಗಿದ್ದ ಹೆಸರುಗಳು ಜೈನ ಸಂಘಗಳವು, ಅವು ಕಾಣಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ. ಕಸಾಯಿಖಾನೆಯ ಹಿಂಸೆಗೆ ಕೈಯಿದೆ, ಆ ಕೈ ಬೇರೆಯವರದು. ರಸ್ತೆಯ ಹಿಂಸೆಗೆ ಗೊತ್ತಾದ ಕೈಯಿಲ್ಲ, ಇದ್ದರೆ ಅದು ತನ್ನದೇ. ಲಾರಿಯಲ್ಲಿರುವ ಸರಕು ತನ್ನ ಅಂಗಡಿಯದು. ರಸ್ತೆಯ ಗುತ್ತಿಗೆಯಲ್ಲಿ, ಜಲ್ಲಿಯ ಗಣಿಯಲ್ಲಿ, ಸಾಗಾಟದ ಉದ್ಯಮದಲ್ಲಿ, ಅವುಗಳಿಗೆ ಸಾಲ ಕೊಡುವ ಸಂಸ್ಥೆಗಳಲ್ಲಿ ಜೈನರ ಬಂಡವಾಳವೂ ಇದೆ. ಅನ್ಯರ ಹಿಂಸೆಯನ್ನು ಎರಡು ದಿನ ನಿಲ್ಲಿಸುವಂತೆ ಕೇಳುವುದು ಸುಲಭ. ತನ್ನ ಹಿಂಸೆಯನ್ನು ವರ್ಷವಿಡೀ ಕಡಿಮೆ ಮಾಡಿಕೊಳ್ಳುವುದು ಕಷ್ಟ. ಈ ಸುಲಭವನ್ನು ರಾಜಕಾರಣಿ ಚೆನ್ನಾಗಿ ಬಲ್ಲ. ಮಹಾವೀರ ಜಯಂತಿಯಂದು ಮಾಂಸದಂಗಡಿಗೆ ಬೀಗ ಹಾಕಿಸುವ ಆದೇಶಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಅದರ ಬೆಲೆಯನ್ನು ತೆರುವವನು ದಿನದ ದುಡಿಮೆ ಕಳೆದುಕೊಳ್ಳುವ ಬಡ ಕಟುಕ. ಅಂದು ಉಳಿದ ಕುರಿ ಮರುದಿನ ಉಳಿಯುವುದಿಲ್ಲ. ಆ ಆದೇಶಕ್ಕೆ ಸಹಿ ಹಾಕಿ ವೇದಿಕೆಯ ಮೇಲೆ ಶಾಲು ಹೊದಿಸಿಕೊಂಡ ನಾಯಕನೇ ಮರುವಾರ ಕಾಡಿನ ನಡುವಿನ ಹೆದ್ದಾರಿಗೆ ಶಂಕುಸ್ಥಾಪನೆ ಮಾಡುತ್ತಾನೆ. ಅಲ್ಲಿ ಅಂಡರ್‌ಪಾಸು ಇದೆಯೇ ಎಂದು ಶಾಲು ಹೊದಿಸಿದವರು ಕೇಳುವುದಿಲ್ಲ.

ಶಾಸ್ತ್ರದ ಆಧಾರ ಬೇಕೆನ್ನುವವರಿಗೆ ಅದೂ ಧಾರಾಳವಾಗಿದೆ. ಉಮಾಸ್ವಾತಿಗಳ ತತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಕೊಲ್ಲುವ ಸಂಕಲ್ಪವೊಂದನ್ನೇ ಹೇಳುವುದಿಲ್ಲ. ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮೂಲದಲ್ಲಿ ಇಡುತ್ತದೆ. ಹಾಗಿರುವಾಗ ‘ಕೊಲ್ಲಬೇಕೆಂದು ಕೊಂದದ್ದಲ್ಲ’ ಎಂಬ ಮಾತು ರಸ್ತೆಗೆ ರಕ್ಷಣೆಯಾಗದು. ಪ್ರಾಣಿಗಳು ದಾಟುವ ಜಾಗ ಎಲ್ಲಿದೆಯೆಂದು ವಿಜ್ಞಾನ ತೋರಿಸಿದ ಮೇಲೂ ಅದೇ ಜಾಗದಲ್ಲಿ ನೆಲಕ್ಕಂಟಿದ ರಸ್ತೆ ಹಾಕುವುದು ಪ್ರಮಾದವಲ್ಲದೆ ಇನ್ನೇನು? ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ: ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗೆ ನೋವಾಗದಂತೆ ನಡೆಯುವುದು. ತಾಸಿಗೆ ನೂರು ಕಿಲೋಮೀಟರ್ ವೇಗದ ಗಾಡಿಗೆ ನಾಲ್ಕು ಮೊಳದ ನೋಟ ಸಾಲದು. ಆ ನೋಟವನ್ನು ರಸ್ತೆಯ ನಕ್ಷೆಯಲ್ಲೇ ಇಡಬೇಕಾಗುತ್ತದೆ. ಪೆಂಚ್‌ನ ಕಂಬಗಳು ಮಾಡಿರುವುದು ಇದನ್ನೇ. ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ಹೇಳುವಾಗ ಹೇಮಚಂದ್ರಾಚಾರ್ಯರು ಶಕಟ, ಭಾಟಕ, ಸ್ಫೋಟ ಕರ್ಮಗಳನ್ನೂ ಸೇರಿಸಿದ್ದಾರೆ: ಗಾಡಿ ಮಾಡುವುದು, ಬಾಡಿಗೆಗೆ ಸಾಗಿಸುವುದು, ನೆಲವನ್ನು ಅಗೆದು ಸಿಡಿಸುವುದು. ಇಂದಿನ ಭಾಷೆಯಲ್ಲಿ ಅದು ವಾಹನ, ಸಾಗಾಟ, ರಸ್ತೆ ನಿರ್ಮಾಣ. ಈ ಉದ್ಯಮಗಳನ್ನೆಲ್ಲ ಇಂದು ಬಿಡುವುದು ಸಾಧ್ಯವಿಲ್ಲವೆಂದಾದರೆ, ಅವುಗಳ ಹಿಂಸೆಯನ್ನು ಕುಗ್ಗಿಸುವ ಹೊಣೆ ಎರಡರಷ್ಟಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಗೌರವದಿಂದಲೇ ಎದುರಿಸಬೇಕು. ಆ ಕೆಳದಾರಿಯಲ್ಲಿ ಜಿಂಕೆ ಮಾತ್ರವಲ್ಲ, ಹುಲಿಯೂ ನಡೆಯುತ್ತದೆ. ಹುಲಿಗೆ ದಾರಿ ಮಾಡಿಕೊಟ್ಟರೆ ಅದು ಕೊಲ್ಲುವ ಜಿಂಕೆಯ ಪಾಪದಲ್ಲಿ ಪಾಲು ಬರುವುದಿಲ್ಲವೇ? 1760ರಲ್ಲಿ ತೇರಾಪಂಥವನ್ನು ಸ್ಥಾಪಿಸಿದ ಆಚಾರ್ಯ ಭಿಕ್ಷುಗಳು ಜೀವಿಯನ್ನು ಜೀವಿಯಿಂದ ಬಿಡಿಸುವ ಲೌಕಿಕ ದಯೆಗೂ ಆತ್ಮಶುದ್ಧಿಯ ಧರ್ಮಕ್ಕೂ ನಡುವೆ ಕಟ್ಟುನಿಟ್ಟಾದ ಗೆರೆ ಎಳೆದರು. ಆ ಗೆರೆಯನ್ನು ಒಪ್ಪಿದವರಿಗೂ ಈ ವಿಷಯದಲ್ಲಿ ತೊಡಕಿಲ್ಲ. ಕೆಳದಾರಿ ಕಟ್ಟುವವನು ಹುಲಿಗೆ ಉಣಿಸುತ್ತಿಲ್ಲ, ಹುಲಿಯ ಬಾಯಿಂದ ಜಿಂಕೆಯನ್ನು ಕಸಿಯುತ್ತಲೂ ಇಲ್ಲ. ಕಾಡಿನ ವ್ಯವಹಾರದಲ್ಲಿ ಅವನ ಕೈಯೇ ಇಲ್ಲ. ತಾನು ಹಾಕಿದ ರಸ್ತೆಯಿಂದ ತಾನು ಮಾಡಲಿದ್ದ ಕೊಲೆಯನ್ನು ಹಿಂತೆಗೆದುಕೊಳ್ಳುತ್ತಾನೆ, ಅಷ್ಟೆ. ಅದು ಅನ್ಯರ ಮೇಲಿನ ದಯೆಗಿಂತ ಮೊದಲು ತನ್ನ ಮೇಲಿನ ಸಂಯಮ.

ಎರಡನೆಯ ಆಕ್ಷೇಪ: ಇದು ಸರ್ಕಾರದ ಕೆಲಸ, ಸಂಘಗಳದ್ದಲ್ಲ. ಹೆದ್ದಾರಿಯನ್ನು ಕಂಬದ ಮೇಲೆ ಏರಿಸುವುದು ಖಂಡಿತವಾಗಿ ಸರ್ಕಾರದ ಕೆಲಸ. ಯಾವ ಟ್ರಸ್ಟೂ ಅದನ್ನು ಕಟ್ಟಲಾರದು, ಕಟ್ಟಲೂಬಾರದು. ಆದರೆ ಕಟ್ಟುವಂತೆ ಮಾಡುವುದು, ಕಟ್ಟಿದ್ದು ಕೆಲಸ ಮಾಡುತ್ತಿದೆಯೇ ಎಂದು ನೋಡುವುದು, ಚಿಕ್ಕ ರಸ್ತೆಗಳಲ್ಲಿ ಚಿಕ್ಕ ಪರಿಹಾರಗಳನ್ನು ಮಾಡುವುದು ಸಮಾಜದಿಂದ ಸಾಧ್ಯ. ಅದಕ್ಕೆ ಬೇಕಾದ ಹಣ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಪ್ರತಿ ಸಂಘದ ಲೆಕ್ಕಪತ್ರದಲ್ಲೇ ಇದೆ.

ಜೀವದಯೆಯ ಖಾತೆಯ ಪಾವಿತ್ರ್ಯವನ್ನು ಸಮಾಜ ಬಲು ಶಿಸ್ತಿನಿಂದ ಕಾಪಾಡಿಕೊಂಡು ಬಂದಿದೆ. ದೇವದ್ರವ್ಯ ದೇವರಿಗೆ, ಜೀವದಯೆಯ ಹಣ ಪ್ರಾಣಿಗಳಿಗೆ. ಒಂದನ್ನು ಇನ್ನೊಂದಕ್ಕೆ ಮುಟ್ಟಿಸುವಂತಿಲ್ಲ. ಪರ್ಯೂಷಣದ ಬೋಲಿಗಳಲ್ಲಿ, ಜನ್ಮದಿನ, ಪುಣ್ಯತಿಥಿಗಳ ಕಾಣಿಕೆಗಳಲ್ಲಿ ಈ ಖಾತೆ ತುಂಬುತ್ತದೆ. ಬಳಿಕ ಆ ಹಣ ಪಾಂಜರಪೋಳಕ್ಕೆ, ಗೋಶಾಲೆಗೆ, ಕಸಾಯಿಖಾನೆಯ ಬಾಗಿಲಿಂದ ಕೊಂಡು ಬಿಡಿಸುವ ಮೇಕೆಗಳಿಗೆ ಹೋಗುತ್ತದೆ. ಉಳಿದದ್ದು ಬ್ಯಾಂಕಿನ ಠೇವಣಿಯಲ್ಲಿ ನಿಲ್ಲುತ್ತದೆ. ಪಾಂಜರಪೋಳದ ಸೇವೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊಂಡು ಬಿಡಿಸುವ ವ್ಯವಹಾರವನ್ನು ಲೆಕ್ಕದ ಕಣ್ಣಿನಿಂದ ನೋಡಬೇಕು. ಮಾರುಕಟ್ಟೆಯಲ್ಲಿ ಕೊಳ್ಳುವವನೊಬ್ಬ ಹೆಚ್ಚಾದರೆ ಮಾರುವವನು ಇನ್ನೊಂದು ಪ್ರಾಣಿಯನ್ನು ತರುತ್ತಾನೆ. ಪುಣ್ಯ ಬರೆದುಕೊಂಡ ಖಾತೆಯ ಎದುರು ಪುಟದಲ್ಲಿ ವ್ಯಾಪಾರಿಯ ಲಾಭವೂ ಬರೆದಿರುತ್ತದೆ.

ಕಾಯಿದೆಯ ಅಡ್ಡಿಯೂ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಧರ್ಮಾರ್ಥ ಉದ್ದೇಶವೆಂಬ ಪದದ ವ್ಯಾಖ್ಯೆಗೆ ಕಾಡು ಮತ್ತು ವನ್ಯಜೀವಿಗಳನ್ನೊಳಗೊಂಡ ಪರಿಸರದ ಸಂರಕ್ಷಣೆಯನ್ನು 2009ರಲ್ಲೇ ಸ್ಪಷ್ಟವಾಗಿ ಸೇರಿಸಲಾಯಿತು. ಟ್ರಸ್ಟು ತನ್ನ ಆದಾಯದ ಶೇಕಡಾ 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕು. ಉಳಿಸಿಕೊಳ್ಳುವುದಾದರೆ ಕಾರಣ ತಿಳಿಸಿ ಐದು ವರ್ಷಗಳೊಳಗೆ ಖರ್ಚು ಮಾಡಬೇಕು ಎಂಬುದು ಆ ಕಾಯ್ದೆ ಹಾಕಿಕೊಟ್ಟ ಶಿಸ್ತು. ಹಣ ಕೂಡಿಟ್ಟು ಕಾಯುವುದನ್ನು ಕಾಯಿದೆಯೂ ಮೆಚ್ಚುವುದಿಲ್ಲ ಎಂದೇ ಇದರ ಅರ್ಥ. ಟ್ರಸ್ಟಿನ ಉದ್ದೇಶಪತ್ರದಲ್ಲಿ ಜೀವದಯೆ ಎಂಬ ಮಾತಿದ್ದರೆ ಕಾಡಿನ ಜೀವಿಯೂ ಅದರೊಳಗೆ ಬರುತ್ತದೆ. ಸಂದೇಹವಿದ್ದರೆ ಧರ್ಮಾದಾಯ ಆಯುಕ್ತರ ಕಚೇರಿಯ ಬಾಗಿಲು ತೆರೆದಿದೆ. ಕಂಪನಿ ನಡೆಸುವ ಶ್ರೀಮಂತರಿಗೆ 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯು ಪ್ರಾಣಿ, ಸಸ್ಯಗಳ ರಕ್ಷಣೆಯನ್ನು ಸಾಮಾಜಿಕ ಹೊಣೆಯ ಖರ್ಚಿನಲ್ಲಿ ತೋರಿಸಲು ಅವಕಾಶ ಕೊಟ್ಟಿದೆ. ಹಾಗೆಂದು ಗುತ್ತಿಗೆಯಲ್ಲೇ ಬರೆದಿರುವ ಅಂಡರ್‌ಪಾಸನ್ನು ಕಟ್ಟಿ ಅದನ್ನೇ ಸಾಮಾಜಿಕ ಸೇವೆಯೆಂದು ತೋರಿಸುವ ಜಾಣತನ ನಡೆಯದು. ಅದು ವ್ಯಾಪಾರದ ಖರ್ಚು.

ಮಾಡಬಹುದಾದ ಕೆಲಸಗಳು ಹಲವಿವೆ, ಬಹುಪಾಲು ದುಬಾರಿಯೂ ಅಲ್ಲ. ಹಳೆಯ ರಸ್ತೆಗಳ ಕೆಳಗೆ ನೀರು ಹೋಗಲೆಂದು ಕಟ್ಟಿದ ಮೋರಿಗಳು ಎಲ್ಲೆಡೆ ಇವೆ. ಹೂಳು, ಕಸ ತುಂಬಿ ಮುಚ್ಚಿವೆ. ಅವುಗಳನ್ನು ತೆಗೆಸಿ ಸ್ವಚ್ಛವಾಗಿಟ್ಟರೆ ಮುಂಗುಸಿ, ಆಮೆ, ಹಾವು, ಕಪ್ಪೆಗಳಿಗೆ ಅದೇ ದಾರಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳು ರಸ್ತೆಗಿಳಿಯದಂತೆ ಮರದಿಂದ ಮರಕ್ಕೆ ಕಟ್ಟಿದ ತೂಗುದಾರಿಗಳಿವೆ. ಪಶ್ಚಿಮ ಘಟ್ಟದ ಎಷ್ಟೋ ತಿರುವುಗಳಲ್ಲಿ ಅಂಥವು ಬೇಕಾಗಿವೆ. ಹೊಸ ಹೆದ್ದಾರಿಯ ಯೋಜನೆಗೆ ಸಾರ್ವಜನಿಕ ಅಹವಾಲು ಕರೆದಾಗ ತಜ್ಞರನ್ನು ಜತೆಗಿಟ್ಟುಕೊಂಡು ಲಿಖಿತ ಆಕ್ಷೇಪ ಸಲ್ಲಿಸಬಹುದು. ಭಾರತೀಯ ವನ್ಯಜೀವಿ ಸಂಸ್ಥೆ 2016ರಲ್ಲೇ ಇಂಥ ಕಾಮಗಾರಿಗಳಿಗೆ ಕೈಪಿಡಿ ಹೊರಡಿಸಿದೆ. ಅದನ್ನು ಪಾಲಿಸಿಲ್ಲವೆಂದು ಕೇಳಲು ವಕೀಲರ ಶುಲ್ಕವೊಂದು ಸಾಕು. ಒಂದು ದಿನದ ಬೋಲಿಯ ಹಣದಲ್ಲಿ ಆ ಶುಲ್ಕ ಹೊರಡುತ್ತದೆ.

ಇದರಿಂದ ಫಲವುಂಟೇ ಎಂದು ಸಂಶಯಪಡುವವರು ಕೆನಡಾದ ಬಾನ್ಫ್ ಉದ್ಯಾನವನ್ನು ನೋಡಬಹುದು. ಅಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಮೇಲೂ ಕೆಳಗೂ ದಾರಿಗಳನ್ನು ಕಟ್ಟಿದ ಮೇಲೆ ವನ್ಯಪ್ರಾಣಿಗಳಿಗೆ ವಾಹನ ಬಡಿಯುವ ಪ್ರಕರಣಗಳು ಶೇಕಡಾ 80ಕ್ಕೂ ಹೆಚ್ಚು ಇಳಿದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಎಂಬ ಊರಿನಲ್ಲಿ 1987ರಲ್ಲೇ ಬೆರಳುದ್ದದ ಸಲಮಾಂಡರುಗಳಿಗಾಗಿ ರಸ್ತೆಯ ಕೆಳಗೆ ಪುಟ್ಟ ಸುರಂಗಗಳನ್ನು ಕೊರೆದರು. ಪಿಂಛಿಯಿಂದ ನೆಲ ಗುಡಿಸಿ ಕೂರುವ ಪರಂಪರೆಯವರಿಗೆ ಹೊಳೆಯಬೇಕಾಗಿದ್ದ ಯೋಚನೆ, ಅಹಿಂಸಾಣುವ್ರತದ ಹೆಸರನ್ನೇ ಕೇಳದವರಿಗೆ ಹೊಳೆಯಿತು.

ಈ ವಾದಕ್ಕೆ ಇನ್ನೊಂದು ಮುಖವಿದೆ, ಅದು ಸಮಾಜದ ಎದೆಗೇ ತಾಗುವಂಥದ್ದು. ವಿಹಾರದ ತಿಂಗಳುಗಳಲ್ಲಿ ವರ್ಷ ವರ್ಷವೂ ಒಂದಲ್ಲ ಒಂದು ಕಡೆಯಿಂದ ಸುದ್ದಿ ಬರುತ್ತದೆ: ನಸುಕಿನಲ್ಲಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದ ಮುನಿಗಳಿಗೆ, ಸಾಧ್ವಿಯರಿಗೆ ವಾಹನ ಬಡಿಯಿತು. ಸಂಘಗಳು ಶೋಕಸಭೆ ನಡೆಸುತ್ತವೆ, ಸಂಚಿನ ಸಂಶಯ ವ್ಯಕ್ತಪಡಿಸುತ್ತವೆ, ಪೊಲೀಸ್ ರಕ್ಷಣೆ ಕೇಳುತ್ತವೆ. ರಸ್ತೆಯನ್ನು ಯಾರೂ ಕೇಳುವುದಿಲ್ಲ. ಕಾಲ್ನಡಿಗೆಯವನಿಗೆ ಒಂದು ಗಜದ ಜಾಗವನ್ನೂ ಬಿಡದೆ ರಸ್ತೆ ಹಾಕಿದ ಮನಸ್ಸೇ ಜಿಂಕೆಗೂ ದಾರಿ ಬಿಡಲಿಲ್ಲ. ಚಕ್ರವಿಲ್ಲದೆ ಚಲಿಸುವ ಎಲ್ಲ ಜೀವಿಗಳೂ ಆ ರಸ್ತೆಯ ಕಣ್ಣಿಗೆ ಒಂದೇ. ಆದ್ದರಿಂದ ಮುನಿಗಳ ಹಾದಿಗಾಗಿ ಕೇಳುವ ಮತ್ತು ಮೂಕಜೀವಿಗಳ ಹಾದಿಗಾಗಿ ಕೇಳುವ ಅರ್ಜಿಗಳು ಎರಡಾಗಿ ಇರಬೇಕಿಲ್ಲ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಿದರೆ ಅದನ್ನು ಕೇವಲ ಒಂದು ಪಂಗಡದ ಬೇಡಿಕೆಯೆಂದು ಯಾವ ಅಧಿಕಾರಿಯೂ ಬದಿಗಿಡಲಾರ.

ಹಣದ ದಿಕ್ಕನ್ನು ಬದಲಿಸುವುದು ಈ ಸಮಾಜಕ್ಕೆ ಹೊಸತಲ್ಲ. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿ, ನಿಪ್ಪಾಣಿಯ ಹತ್ತಿರ, ಸ್ತವನಿಧಿ ಕ್ಷೇತ್ರವಿದೆ. ಅಲ್ಲಿ ನೆರೆದ ಜನ 1899ರಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದರು. ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಯಾದ ಅಣ್ಣಾಸಾಹೇಬ ಲಠ್ಠೆಯವರು ಅದರ ಮುಂದಾಳುಗಳಲ್ಲಿ ಒಬ್ಬರು. ಉತ್ಸವಕ್ಕೆ ಹರಿಯುತ್ತಿದ್ದ ಹಣವನ್ನು ವಿದ್ಯಾರ್ಥಿ ಬೋರ್ಡಿಂಗುಗಳ ಕಡೆಗೆ ತಿರುಗಿಸಬೇಕೆಂದು ಅವರು ಹೇಳಿದಾಗ ಧರ್ಮ ಕೆಟ್ಟಿತೆಂದು ಕೂಗಿದವರೂ ಇದ್ದರು. ಇಂದು ಆ ಬೋರ್ಡಿಂಗುಗಳಲ್ಲಿ ಓದಿದವರ ಮೊಮ್ಮಕ್ಕಳೇ ಟ್ರಸ್ಟುಗಳ ಗಾದಿಯಲ್ಲಿ ಕುಳಿತಿದ್ದಾರೆ. ತಮ್ಮ ಹಿರಿಯರು ಮಾಡಿದ ಕೆಲಸವನ್ನು ಅವರು ಇನ್ನೊಮ್ಮೆ ಮಾಡಬೇಕಾಗಿದೆ.

ಮೊದಲ ಹೆಜ್ಜೆಗೆ ಠರಾವೂ ಬೇಡ, ನಿಧಿಯೂ ಬೇಡ. ಕ್ಯಾಂಪಿನಿಂದ ಹೊರಡುವ ಮುಂದಿನ ಯಾತ್ರೆಯ ಬಸ್ಸು ರಾಮಟೇಕದ ದರ್ಶನವಾದ ಮೇಲೆ ಮನಸರಕ್ಕೆ ಮರಳಿ, ದಕ್ಷಿಣಕ್ಕೆ ತಿರುಗದೆ ಉತ್ತರಕ್ಕೆ ಸಾಗಲಿ. ಹಗಲಿನಲ್ಲಿ ಹೋಗಲಿ, ನಿಧಾನವಾಗಿ ಹೋಗಲಿ. ಆ ಕಂಬಗಳ ಮೇಲೆ ನಿಲ್ಲುವುದಾಗಲಿ ಕೆಳಗಿಳಿದು ಫೋಟೊ ತೆಗೆಯುವುದಾಗಲಿ ಬೇಡ. ಮನುಷ್ಯ ಇಳಿದ ದಾರಿಗೆ ಪ್ರಾಣಿ ಬಾರದು. ಗರ್ಭಗುಡಿಯ ಹೊಸ್ತಿಲ ಹೊರಗೆ ನಿಂತು ಕೈಮುಗಿಯುವುದು ಶ್ರಾವಕರಿಗೆ ಗೊತ್ತಿರುವ ಶಿಸ್ತೇ. ಬಸ್ಸು ದಾಟುವ ಆ ಒಂದು ನಿಮಿಷದಲ್ಲಿ, ತಮ್ಮ ಚಕ್ರಗಳ ಕೆಳಗೆ ಯಾವುದೋ ಜೀವಿ ಸಾಯದೆ ಹಾದುಹೋಗುತ್ತಿರಬಹುದೆಂದು ಮಕ್ಕಳಿಗೆ ಹೇಳಿದರೆ ಸಾಕು. ಊರಿಗೆ ಮರಳಿದ ಮೇಲೆ ವಾರ್ಷಿಕ ಸಭೆಯಲ್ಲಿ ಜೀವದಯೆಯ ಖಾತೆಯ ಪುಟ ತೆರೆದಾಗ, ಠೇವಣಿಯಲ್ಲಿ ಮಲಗಿರುವ ಆ ಹಣದಿಂದ ಈ ವರ್ಷ ಎಷ್ಟು ಜೀವಿಗಳಿಗೆ ದಾರಿ ಸಿಕ್ಕಿತು ಎಂದು ಯಾರಾದರೊಬ್ಬರು ಎದ್ದು ಕೇಳಲಿ.